ಗುಡ್ಡದ ಚರಿತ್ರೆಗೆ ಸಾಕ್ಷಿ ಯಾರು?

ನಮ್ಮ ಮಕ್ಕಳು ಓದುವ ಚರಿತ್ರೆಯ ಪುಸ್ತಕಗಳಲ್ಲಿ ಚಿತ್ರದುರ್ಗ ಜಿಲ್ಲೆ ಮುಖ್ಯವಾಗಿ ಎರಡು ಕಡೆ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಪಾಳೆಯಗಾರರ ಕೋಟೆ ಮತ್ತು 1779ರಲ್ಲಿ ಅದು ಹೈದರಾಲಿಯ ವಶವಾದ ಪ್ರಸಂಗ. ಎರಡನೆಯದು 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದ, ಚಿತ್ರದುರ್ಗದಲ್ಲಿ ವಕೀಲಿ ಮಾಡಿ ಅಲ್ಲಿಯೇ ನೆಲೆಸಿದ್ದ ಎಸ್. ನಿಜಲಿಂಗಪ್ಪನವರ ಹೆಸರು. ಇವೆರಡರ ನಡುವಿನ ಸುಮಾರು ನೂರ ಎಪ್ಪತ್ತೇಳು ವರ್ಷಗಳಲ್ಲಿ ಹಾಲುರಾಮೇಶ್ವರದ ಸುತ್ತಣ ಗುಡ್ಡಗಳಲ್ಲಿ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಕಾವಲುಗಳಲ್ಲಿ ಬದುಕಿದ ಜನ ಏನು ಮಾಡುತ್ತಿದ್ದರು? ಯಾವ ಗುಡ್ಡದಲ್ಲಿ ದನ ಮೇಯಿಸಿದರು? ಯಾವ ಮರದ ಸೊಪ್ಪು ತಂದು ಹೊಲಕ್ಕೆ ಹಾಕಿದರು? ಯಾವಾಗ, ಯಾರು ಅವರನ್ನು ತಡೆದರು? ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿಲ್ಲ.

ಇದು ಪರೀಕ್ಷೆಯ ಅಂಕಗಳಿಗೆ ಸಂಬಂಧಿಸಿದ ಕೊರತೆ ಮಾತ್ರವಾಗಿದ್ದರೆ ಈ ಪುಟದಲ್ಲಿ ಅದನ್ನು ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ಆದರೆ ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಹಳ್ಳಿಗೆ ತನ್ನ ಕಾಡಿನ ಮೇಲೆ ಕಾನೂನಿನ ಹಕ್ಕು ದೊರೆಯುತ್ತದೆ. ಕೊಡಲಾರದ ಹಳ್ಳಿಯ ಅರ್ಜಿ ತಿರಸ್ಕೃತವಾಗುತ್ತದೆ. 2006ರ ಅರಣ್ಯ ಹಕ್ಕುಗಳ ಕಾಯ್ದೆಯು ಪರಿಶಿಷ್ಟ ಪಂಗಡಕ್ಕೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಗಳಿಗೆ ಒಂದು ಷರತ್ತು ಹಾಕಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ತಾವು ಅರಣ್ಯದಲ್ಲಿ ಅಥವಾ ಅರಣ್ಯಭೂಮಿಯಲ್ಲಿ ವಾಸಿಸಿ, ಜೀವನೋಪಾಯಕ್ಕೆ ಅದನ್ನೇ ಅವಲಂಬಿಸಿದ್ದೆವು ಎಂಬುದನ್ನು ಅವರು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗಿ ನಿಲ್ಲುತ್ತದೆ. ಆಗ ಕರ್ನಾಟಕ ರಾಜ್ಯವಿರಲಿಲ್ಲ. ಸ್ವತಂತ್ರ ಭಾರತವೂ ಇರಲಿಲ್ಲ. ನಾವು ಮೈಸೂರು ಸಂಸ್ಥಾನದ ಪ್ರಜೆಗಳಾಗಿದ್ದೆವು. ಆದುದರಿಂದ ಗೊಲ್ಲರಹಟ್ಟಿಯ ಕುರಿಗಾಹಿ ಇಂದು ಸಲ್ಲಿಸಬೇಕಾದ ಅರ್ಜಿಗೆ ಮೈಸೂರು ಸಂಸ್ಥಾನದ ರಾಜಕೀಯ ಚರಿತ್ರೆಯೇ ಆಧಾರವಾಗಬೇಕಾಗಿದೆ.

ಆ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆ ಅವಧಿಯಲ್ಲಿ, 1864ರಲ್ಲಿ, ಅರಣ್ಯ ಇಲಾಖೆ ಹುಟ್ಟಿಕೊಂಡಿತು. ಅದಕ್ಕೆ ಮುನ್ನ ಕಾಡು ಯಾರ ಹಿಡಿತಕ್ಕೂ ಒಳಪಟ್ಟಿರಲಿಲ್ಲವೆಂದಲ್ಲ. ಶ್ರೀಗಂಧ ಟಿಪ್ಪುವಿನ ಕಾಲದಿಂದಲೇ ಸರ್ಕಾರದ ಸ್ವತ್ತಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದಿತ್ತು. ಅದರ ರಾಸುಗಳಿಗೆಂದು ವಿಶಾಲವಾದ ಕಾವಲುಗಳನ್ನು ಮೀಸಲಿಡಲಾಗಿತ್ತು. ಆದರೆ ಗುಡ್ಡದ ಪೊದೆ, ಹುಲ್ಲು, ಸೊಪ್ಪು, ಉರುವಲು ಇವೆಲ್ಲ ಹಳ್ಳಿಯ ರೂಢಿಯಂತೆ ನಡೆಯುತ್ತಿದ್ದವು. ಅರಣ್ಯ ಇಲಾಖೆ ಬಂದ ಮೇಲೆ, ಅದರಲ್ಲಿಯೂ 1900ರ ಮೈಸೂರು ಅರಣ್ಯ ರೆಗ್ಯುಲೇಷನ್ನಿನ ನಂತರ, ಗುಡ್ಡಗಳನ್ನು ಅಳೆದು, ಗಡಿಕಲ್ಲು ನೆಟ್ಟು, ಮೀಸಲು ಅರಣ್ಯವೆಂದು ಘೋಷಿಸುವ ಕ್ರಮ ಬಲಗೊಂಡಿತು. ರೂಢಿಯಾಗಿದ್ದದ್ದು ರಿಯಾಯಿತಿಯಾಯಿತು. ರಿಯಾಯಿತಿಯೆಂದರೆ ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದಾದದ್ದು. ಇಂದಿಗೂ ನಮ್ಮ ಹಳ್ಳಿಗಳು ಅನುಭವಿಸುತ್ತಿರುವ ತೊಂದರೆಯ ಬೇರು ಈ ಒಂದು ಪದಬದಲಾವಣೆಯಲ್ಲಿದೆ.

ಅದೇ ಕಾಲದಲ್ಲಿ ಮೈಸೂರು ಬೇರೆ ಸಂಸ್ಥಾನಗಳಿಗಿಂತ ಮುಂದಿತ್ತೆಂಬುದನ್ನೂ ಹೇಳಬೇಕು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ತೀರ್ಮಾನಿಸುವ ಅಧಿಕಾರ ಅದಕ್ಕಿರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಾಗಿತ್ತು. ಸೌದೆ, ಮೇವು, ಮೇಯಿಸುವ ಶುಲ್ಕ, ಅರಣ್ಯ ಸಿಬ್ಬಂದಿಯ ಕಿರುಕುಳ ಇವು ಆ ಸಭೆಯ ಮುಂದೆ ಮತ್ತೆ ಮತ್ತೆ ಬಂದ ವಿಷಯಗಳು. ಅದರ ನಡಾವಳಿಗಳನ್ನು ಮುದ್ರಿಸಲಾಗುತ್ತಿತ್ತು. ಆ ಸಂಪುಟಗಳು ನಮ್ಮ ಹಳ್ಳಿಗಳ ಪಾಲಿಗೆ ಸಾಕ್ಷ್ಯವೂ ಆಗಬಲ್ಲವು.

ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವೂ ಈ ಕಾಲದ್ದೇ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಳ್ವಿಕೆಯಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಆ ಕೆಲಸ ಬರದ ಸೀಮೆಗೆ ದೊಡ್ಡ ಉಪಕಾರ ಮಾಡಿತು. ಅಣೆಕಟ್ಟೆಯ ಕೆಳಗೆ ತೋಟಗಳೆದ್ದವು. ಮೇಲೆ, ಹೊಸದುರ್ಗದ ಕಡೆ, ಜಮೀನುಗಳು ಹಿನ್ನೀರಿನ ಪಾಲಾದವು. 1933ರ ನಂತರ 2022ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಕೋಡಿ ಬಿದ್ದಾಗ ಹಿರಿಯೂರು ಹಬ್ಬ ಆಚರಿಸಿತು. ಅದೇ ಹೊತ್ತಿನಲ್ಲಿ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ರೈತರು ಮುಳುಗಿದ ತೋಟಗಳನ್ನು ನೋಡುತ್ತಾ ನಿಂತಿದ್ದರು. ಒಂದೇ ನೀರಿಗೆ ಎರಡು ಚರಿತ್ರೆಗಳಿವೆ. ಮೊದಲನೆಯದನ್ನು ಕಲ್ಲಿನಲ್ಲಿ ಕೆತ್ತಲಾಗಿದೆ; ಎರಡನೆಯದನ್ನು ಯಾರೂ ಬರೆದಿಲ್ಲ.

ಇನ್ನು 1939ರ ವಿಷಯ. ಹಿಂದಿನ ವರ್ಷ ಶಿವಪುರದ ಧ್ವಜ ಸತ್ಯಾಗ್ರಹ ಮತ್ತು ವಿದುರಾಶ್ವತ್ಥದ ಗೋಲಿಬಾರು ನಡೆದಿದ್ದವು. ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಕಾಂಗ್ರೆಸ್ಸು ಚಳವಳಿಗೆ ಇಳಿದಾಗ, ನಮ್ಮ ಜಿಲ್ಲೆಯ ತುರುವನೂರು ಅರಣ್ಯ ಸತ್ಯಾಗ್ರಹದ ನೆಲೆಯಾಯಿತು. ಸರ್ಕಾರಕ್ಕೆ ಹೆಂಡದ ವರಮಾನ ತರುತ್ತಿದ್ದ ಈಚಲು ಮರಗಳನ್ನು ಜನ ಬಹಿರಂಗವಾಗಿ ಕಡಿದು ದಸ್ತಗಿರಿಯಾದರು. ನಿಜಲಿಂಗಪ್ಪನವರು ಈ ಚಳವಳಿಯಲ್ಲಿ ಸೆರೆಮನೆ ಕಂಡರು. ಆಗ ಇದೇ ಜಿಲ್ಲೆಗೆ ಸೇರಿದ್ದ ದಾವಣಗೆರೆಯ ಬಳ್ಳಾರಿ ಸಿದ್ದಮ್ಮನವರಂಥ ಮಹಿಳೆಯರೂ ಅರಣ್ಯ ಸತ್ಯಾಗ್ರಹದಲ್ಲಿ ಪಾಲ್ಗೊಂಡರು. ಉತ್ತರ ಕನ್ನಡದ ಜನ 1930ರಲ್ಲಿಯೇ ಇಂಥ ಸತ್ಯಾಗ್ರಹ ನಡೆಸಿದ್ದರು. ಅವರ ಎದುರಿಗಿದ್ದದ್ದು ಬ್ರಿಟಿಷ್ ಸರ್ಕಾರ. ನಮ್ಮ ಹಿರಿಯರ ಎದುರಿಗಿದ್ದದ್ದು ಕನ್ನಡದ ಅರಸರ ಸರ್ಕಾರ.

ಮರ ಕಡಿದವರನ್ನು ಪರಿಸರದ ಪತ್ರಿಕೆ ಹೊಗಳುವುದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ತುರುವನೂರಿನ ಸತ್ಯಾಗ್ರಹಿಗಳು ಕಾಡನ್ನು ಹಾಳುಮಾಡಲು ಹೊರಟವರಲ್ಲ. ಪಾನನಿರೋಧದ ಉದ್ದೇಶವೂ ಅದರಲ್ಲಿತ್ತು. ಅದಕ್ಕಿಂತ ಮುಖ್ಯವಾಗಿ, ಊರ ಮಗ್ಗುಲಿನ ಮರ ಏನಾಗಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಅವರು ಎತ್ತಿದರು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂತು. 1956ರಲ್ಲಿ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಜನ ಒಂದಾದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ತುರುವನೂರಿನ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಉತ್ತರ ಕನ್ನಡದ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ನಮ್ಮ ಸೀಮೆಯ ಗೋಮಾಳ, ಹುಲ್ಲುಬನ್ನಿ, ಕಾವಲು ಎಂದು ಬೇರೆ ಬೇರೆ ಚರಿತ್ರೆಯಿಂದ ಬಂದ ರೂಢಿಗಳಿದ್ದವು. 1963ರ ಅರಣ್ಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಕಾನೂನು ತಂದಿತು. 1976ರ ಸಂವಿಧಾನ ತಿದ್ದುಪಡಿಯು ಅರಣ್ಯವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸೇರಿಸಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬೇಕಾಬಿಟ್ಟಿ ಪರಭಾರೆಯನ್ನು ತಡೆಯಿತು. ಅದು ಬೇಕಾಗಿದ್ದ ಕಾನೂನೇ. ಆದರೆ ತೀರ್ಮಾನ ಹಳ್ಳಿಯಿಂದ ಮೈಸೂರಿಗೆ, ಮೈಸೂರಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೆಹಲಿಗೆ ಹೋಯಿತೇ ಹೊರತು ಮರಳಿ ಹಳ್ಳಿಗೆ ಬರಲಿಲ್ಲ.

ಇಂಥದೇ ಪ್ರಶ್ನೆಯನ್ನು ಎದುರಿಸಿದ ಇನ್ನೊಂದು ದೇಶದ ಕಡೆಗೆ ಇಲ್ಲಿ ತುಸು ನೋಡಬೇಕು. ಕೆನಡಾ ಎಂದರೆ ನಮ್ಮ ಯುವಕರಿಗೆ ಉದ್ಯೋಗ, ವೀಸಾ ನೆನಪಾಗುತ್ತದೆ. ಆ ದೇಶದ ಆಧುನಿಕ ರಾಜಕೀಯ ಚರಿತ್ರೆಯಲ್ಲಿ ನಮ್ಮ ಗುಡ್ಡದ ಹಳ್ಳಿಗಳಿಗೆ ಬೇಕಾದ ಒಂದು ಪಾಠವಿದೆ. 1867ರ ಜುಲೈ 1ರಂದು ಒಂಟೇರಿಯೊ, ಕ್ವಿಬೆಕ್, ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್ ಎಂಬ ನಾಲ್ಕು ಪ್ರಾಂತಗಳು ಸೇರಿ ಒಕ್ಕೂಟವಾದವು. ಇಂಗ್ಲಿಷ್ ಮತ್ತು ಫ್ರೆಂಚ್ ಭಾಷಿಕರ ನಡುವಿನ ಹೊಂದಾಣಿಕೆಯನ್ನು ಆ ದೇಶದ ಹುಟ್ಟಿನ ಕಥೆಯೆಂದು ಬಹುಕಾಲ ಹೇಳಲಾಯಿತು. ಸಾವಿರಾರು ವರ್ಷಗಳಿಂದ ಅಲ್ಲಿದ್ದ ಮೂಲನಿವಾಸಿಗಳು ಆ ಮಾತುಕತೆಯಲ್ಲಿ ಇರಲೇ ಇಲ್ಲ. ಅವರ ನೆಲದ ಬಹುಭಾಗ ರಾಜಪ್ರಭುತ್ವದ ಹೆಸರಿನ ಸರ್ಕಾರಿ ಭೂಮಿಯಾಯಿತು. 1876ರ ಕಾಯ್ದೆಯೊಂದು ಅವರ ಬದುಕನ್ನೆಲ್ಲ ಅಧಿಕಾರಿಗಳ ಕೈಗೆ ಕೊಟ್ಟಿತು. 1927ರಿಂದ 1951ರವರೆಗೆ ಭೂಮಿಯ ಹಕ್ಕು ಕೇಳಿ ದಾವೆ ಹೂಡಲು ಸರ್ಕಾರದ ಅನುಮತಿಯಿಲ್ಲದೆ ಹಣ ಸಂಗ್ರಹಿಸುವುದೇ ಅಪರಾಧವಾಗಿತ್ತು.

ಪಶ್ಚಿಮದ ಬ್ರಿಟಿಷ್ ಕೊಲಂಬಿಯಾದ ಗುಡ್ಡಗಾಡಿನಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಎಂಬ ಎರಡು ಜನಾಂಗಗಳಿವೆ. ಕಾಡು ಕಡಿಯುವ ಕಂಪನಿಗಳಿಗೆ ಸರ್ಕಾರ ತಮ್ಮ ನೆಲದಲ್ಲಿ ಪರವಾನಗಿ ಕೊಡುತ್ತಿದ್ದಾಗ ಅವರು ನ್ಯಾಯಾಲಯಕ್ಕೆ ಹೋದರು. ನೆಲ ನಿಮ್ಮದೆಂಬುದಕ್ಕೆ ದಾಖಲೆ ಎಲ್ಲಿದೆ ಎಂಬ ಪ್ರಶ್ನೆ ಎದುರಾಯಿತು. ಅವರಲ್ಲಿ ಕಾಗದವಿರಲಿಲ್ಲ. ಪ್ರತಿಯೊಂದು ಮನೆತನಕ್ಕೂ ತನ್ನ ಹೊಳೆ, ಬೆಟ್ಟ, ಬೇಟೆಯ ನೆಲೆಗಳನ್ನು ಹೇಳುವ ಕಥೆಗಳೂ ಹಾಡುಗಳೂ ಇದ್ದವು. 1987ರಲ್ಲಿ ವಿಚಾರಣೆ ಆರಂಭವಾಯಿತು. ಮೇರಿ ಜಾನ್ಸನ್ ಎಂಬ ಗಿಟ್‌ಕ್ಸಾನ್ ಹಿರಿಯೆ ಸಾಕ್ಷಿಯ ಕಟ್ಟೆಯಲ್ಲಿ ನಿಂತು ತಮ್ಮ ಮನೆತನದ ಹಾಡನ್ನು ಹಾಡಲು ಮುಂದಾದಾಗ, ತಮಗೆ ಸಂಗೀತ ಕೇಳುವ ಕಿವಿಯಿಲ್ಲ, ಹಾಡಿನ ಅಗತ್ಯವೂ ಇಲ್ಲ ಎಂಬರ್ಥದ ಮಾತನ್ನು ನ್ಯಾಯಾಧೀಶರು ಆಡಿದರು. 1991ರಲ್ಲಿ ಅವರು ದಾವೆಯನ್ನು ವಜಾ ಮಾಡಿದರು. ಜನ ಬಿಡಲಿಲ್ಲ. 1997ರ ಡಿಸೆಂಬರ್ 11ರಂದು ಕೆನಡಾದ ಸುಪ್ರೀಂ ಕೋರ್ಟು ಡೆಲ್ಗಮೂಕ್ ಪ್ರಕರಣವೆಂದು ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ ಮಹತ್ವದ ತೀರ್ಪು ನೀಡಿತು. ಬರವಣಿಗೆಯಿಲ್ಲದ ಸಮುದಾಯದ ಮೌಖಿಕ ಚರಿತ್ರೆಯನ್ನು ಸಾಕ್ಷ್ಯವಾಗಿ ಒಪ್ಪಬೇಕು, ಲಿಖಿತ ದಾಖಲೆಗಳಿಗೆ ಸಮನಾಗಿ ತೂಗಬೇಕು ಎಂದಿತು. ಅದೇ ಹಾದಿಯಲ್ಲಿ ಮುಂದುವರಿದು 2014ರಲ್ಲಿ ಚಿಲ್ಕೋಟಿನ್ ಎಂಬ ಮತ್ತೊಂದು ಜನಾಂಗಕ್ಕೆ ಸುಮಾರು 1,750 ಚದರ ಕಿಲೋಮೀಟರು ನೆಲದ ಮೇಲಿನ ಹಕ್ಕನ್ನು ನ್ಯಾಯಾಲಯ ಘೋಷಿಸಿತು. ಕೆನಡಾದ ಮೂಲನಿವಾಸಿಗಳ ಕಷ್ಟಗಳೆಲ್ಲ ತೀರಿದವೆಂದು ಇದರ ಅರ್ಥವಲ್ಲ. ಆದರೆ ದೇಶದ ಚರಿತ್ರೆಯೆಂದು ಒಪ್ಪಿಕೊಂಡದ್ದು ಅಲ್ಲಿ ಬದಲಾಯಿತು. ಅಜ್ಜಿಯರ ನೆನಪು ಅದನ್ನು ಬದಲಾಯಿಸಿತು.

ನಮ್ಮ ಜಿಲ್ಲೆಗೆ ಇದು ಅಪರಿಚಿತವಾದ ಮಾತಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಅವನ್ನು ಬರೆದುಕೊಂಡದ್ದರಿಂದ ನಾಡಿಗೆ ಅವರ ಪರಿಚಯವಾಯಿತು. ಕಾಡುಗೊಲ್ಲರ ಜುಂಜಪ್ಪನ ಕಥನವಿರಲಿ, ಮ್ಯಾಸಬೇಡರ ಗಾದ್ರಿಪಾಲನಾಯಕನ ಕಥನವಿರಲಿ, ದನಕರುಗಳ ಹಿಂದೆ ನಡೆದವರ ಕಥೆಗಳವು. ಅವುಗಳಲ್ಲಿ ಹಳ್ಳ, ಮಟ್ಟಿ, ಗುಡ್ಡ, ಗೂಡುಗಳ ಹೆಸರುಗಳಿವೆ. ಇವನ್ನು ನಾವು ಜಾನಪದವೆಂದು ಕರೆದು ಬಹುಮಾನ ಕೊಟ್ಟು ಸುಮ್ಮನಾಗಿದ್ದೇವೆ. ಅವು ನೆಲದ ದಾಖಲೆಗಳೂ ಹೌದೆಂದು ನಮಗೆ ಹೊಳೆದಿಲ್ಲ.

ಕಾನೂನಿಗೆ ಮಾತ್ರ ಇದು ಹೊಳೆದಿದೆ. ಅರಣ್ಯ ಹಕ್ಕುಗಳ ನಿಯಮಗಳ 13ನೆಯ ನಿಯಮವನ್ನು ಪ್ರತಿಯೊಂದು ಹಳ್ಳಿಯೂ ಓದಬೇಕು. ಯಾವುದನ್ನು ಸಾಕ್ಷ್ಯವೆಂದು ಒಪ್ಪಬಹುದು ಎಂಬುದು ಅಲ್ಲಿದೆ. ಹಿಂದಿನ ಸಂಸ್ಥಾನಗಳ ದಾಖಲೆಗಳು, ಗೆಜೆಟಿಯರ್, ಜನಗಣತಿ, ಸರ್ವೆ ವರದಿಗಳು ಮತ್ತು ನಕಾಶೆಗಳು ಅದರಲ್ಲಿವೆ. ಮನೆ, ಬಾವಿ, ಸ್ಮಶಾನ, ದೇವರ ಸ್ಥಳ ಮೊದಲಾದ ಭೌತಿಕ ಕುರುಹುಗಳಿವೆ. ಹಿಂದಿನ ದಾಖಲೆಯಲ್ಲಿ ಹೆಸರಿರುವವರಿಗೆ ಸಂಬಂಧ ತೋರಿಸುವ ವಂಶಾವಳಿಯಿದೆ. ಹಕ್ಕು ಕೇಳುವವರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯವು ಬೇಕು. ಸಮುದಾಯದ ಹಕ್ಕಿಗಾದರೆ ರೂಢಿಯ ಗೋಮಾಳ, ಗೆಡ್ಡೆಗೆಣಸು ಮತ್ತು ಮೇವು ತರುವ ಜಾಗ, ದೇವರಬನ, ಪವಿತ್ರವಾದ ಮರ, ಕೊಳ, ಹೊಂಡಗಳು ಕೂಡ ಪರಿಗಣನೆಗೆ ಬರುತ್ತವೆ. ಹಾಲುರಾಮೇಶ್ವರದ ಕೊಳದ ಮುಂದೆ ಹರಕೆ ಹೊತ್ತು ಕೈಮುಗಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರು ನೀರನ್ನು ದೇವರೆಂದು ಕಾಪಾಡಿಕೊಂಡು ಬಂದಿರುವುದು ಆ ನೀರಿನೊಂದಿಗೆ ಅದಕ್ಕಿರುವ ಹಳೆಯ ಸಂಬಂಧದ ಸಾಕ್ಷಿ. ಅಂಥ ಸ್ಥಳಗಳು ನಮ್ಮ ಗುಡ್ಡಸಾಲಿನಲ್ಲಿ ಅನೇಕವಿವೆ. ಪ್ರಸಿದ್ಧಿ ಪಡೆಯದ ಕಾರಣ ಅವು ಯಾವ ದಾಖಲೆಯಲ್ಲಿಯೂ ಇಲ್ಲ.

ಇದು ಸಾಧ್ಯವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕುಲಗಳ ಪವಿತ್ರ ನೆಲೆಗಳನ್ನು, ದೇವರು, ಮಾರಮ್ಮ, ಕಲ್ಲುಗುಡಿ, ನೀರಿನ ಸೆಲೆಗಳನ್ನು ಒಂದೊಂದಾಗಿ ನಕಾಶೆಯ ಮೇಲೆ ಗುರುತಿಸಿದರು. 2011ರ ಅಕ್ಟೋಬರಿನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇದು ನಡೆದದ್ದು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮಸಭೆಗಳು ಸೇರಿ, ತಮ್ಮ ದೇವರ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆ ಬೇಡವೆಂದು ತೀರ್ಮಾನಿಸಿದವು. ಸುಪ್ರೀಂ ಕೋರ್ಟು ಅವರ ಅಭಿಪ್ರಾಯ ಕೇಳಬೇಕೆಂದು ಆದೇಶಿಸಿದ್ದರಿಂದ ಅದು ಸಾಧ್ಯವಾಯಿತು.

ಸಾಕ್ಷ್ಯವನ್ನು ಸಿದ್ಧಮಾಡಿಕೊಳ್ಳದಿದ್ದರೆ ಆಗುವುದೇನೆಂಬುದನ್ನೂ ನಮ್ಮ ಜಿಲ್ಲೆಯೇ ಕಂಡಿದೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹಂಚಲಾಯಿತು. ಕುರಿ, ದನ ಮೇಯಿಸುತ್ತಿದ್ದ ಅನೇಕರಿಗೆ ವಿಷಯ ತಿಳಿದದ್ದು ಗೋಡೆ ಎದ್ದ ಮೇಲೆ. ನಂತರ ಚಳವಳಿ ನಡೆಯಿತು, ಹಸಿರು ನ್ಯಾಯಾಧಿಕರಣದ ಮುಂದೆ ಪ್ರಕರಣವೂ ಹೋಯಿತು. ಆದರೆ ಕಡತದಲ್ಲಿ ಆ ನೆಲ ಸರ್ಕಾರಿ ಭೂಮಿಯಾಗಿತ್ತು. ತಲೆತಲಾಂತರದ ಮೇವಿನ ರೂಢಿ ಕಡತದಲ್ಲಿ ಇರಲಿಲ್ಲ. ವಿಜ್ಞಾನ ಸಂಸ್ಥೆಗಳು ಬೇಡವೆಂದು ಯಾರೂ ಹೇಳುವುದಿಲ್ಲ. ಹುಲ್ಲುಗಾವಲನ್ನು ಬರಡು ನೆಲವೆಂದು ಎಣಿಸುವುದು ಮಾತ್ರ ವಿಜ್ಞಾನವಲ್ಲ. ವರ್ಷಕ್ಕೆ ಸುಮಾರು ಐದುನೂರರಿಂದ ಆರುನೂರು ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ ಗುಡ್ಡದ ಮೈಯ ಹುಲ್ಲು, ಕಾರೆ, ತುಗ್ಗಲಿ, ಸೀತಾಫಲದ ಪೊದೆಗಳು ಮಳೆನೀರಿನ ಓಟವನ್ನು ತಡೆದು ಬಿರುಕುಬಿಟ್ಟ ಬಂಡೆಯೊಳಕ್ಕೆ ಇಳಿಸುತ್ತವೆ. ಕೆಳಗಿನ ಅಡಿಕೆ, ತೆಂಗಿನ ತೋಟಗಳ ಬಾವಿ, ಕೊಳವೆಬಾವಿಗಳಿಗೆ ಬರುವ ನೀರು ಅದೇ. ಗುಡ್ಡದ ನೆತ್ತಿಯಲ್ಲಿ ಗಣಿಗೋ ಗಾಳಿಯಂತ್ರಕ್ಕೋ ರಸ್ತೆ ಕಡಿದರೆ ನೀರು ಒಳಕ್ಕೆ ಇಳಿಯದೆ ಮಣ್ಣನ್ನು ಹೊತ್ತು ಕೆರೆಗೆ ಓಡುತ್ತದೆ, ಕೆರೆ ಹೂಳುತ್ತದೆ. ಗುಡ್ಡದ ಮೇಲಿನ ತೀರ್ಮಾನ ತೋಟದ ಮೇಲಿನ ತೀರ್ಮಾನವೂ ಹೌದು.

ಆದ್ದರಿಂದ ಗುಡ್ಡದ ಹಳ್ಳಿಗಳಿಗೆ ನಮ್ಮ ಮನವಿ ಇಷ್ಟು. ಪ್ರತಿ ಗ್ರಾಮಸಭೆ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿಯನ್ನು ಮಾಡಿಕೊಳ್ಳಲಿ. ಅದರಲ್ಲಿ ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕೆಂಬುದು ನಿಯಮ. ಕಾಗದದ ಮೇಲೆ ಮಾತ್ರ ಇರುವ ಸಮಿತಿಗಳು ಕೂತು ಮಾತನಾಡಲಿ. ಒಬ್ಬೊಬ್ಬರ ಒತ್ತುವರಿಗೆ ಪಟ್ಟಾ ಪಡೆಯುವ ಆತುರದಲ್ಲಿ ಎಲ್ಲರ ಗುಡ್ಡವನ್ನು ಮರೆಯಬಾರದು. ಈ ಕಾಯ್ದೆಯನ್ನು ಹೊಸ ಒತ್ತುವರಿಗೆ ನೆಪ ಮಾಡಿಕೊಂಡರೆ ಕಾಡೂ ಉಳಿಯುವುದಿಲ್ಲ, ಕಾಯ್ದೆಯ ಮಾನವೂ ಉಳಿಯುವುದಿಲ್ಲ. ಸಮುದಾಯದ ಹಕ್ಕಿನೊಡನೆ ಕಾಡು, ಜಲಮೂಲ, ವನ್ಯಜೀವಿಗಳನ್ನು ಕಾಯುವ ಅಧಿಕಾರವನ್ನೂ ಹೊಣೆಯನ್ನೂ ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. 60 ದಿನಗಳೊಳಗೆ ಮೇಲಿನ ಸಮಿತಿಗೆ ಹೋಗಲು ಅವಕಾಶವಿದೆ.

ವಿದ್ಯಾರ್ಥಿಗಳಿಗೆ ಬೇರೆ ಕೆಲಸವಿದೆ. ತಾಲ್ಲೂಕು ಸರ್ವೆ ಕಚೇರಿಯಲ್ಲಿ ನಿಮ್ಮ ಊರಿನ ಹಳೆಯ ಗ್ರಾಮ ನಕಾಶೆಯ ಪ್ರತಿ ಪಡೆಯಿರಿ. 1930ರ ಆಸುಪಾಸಿನ ಮೈಸೂರು ಜನಗಣತಿಯಲ್ಲಿ, ಹಯವದನ ರಾಯರ ಮೈಸೂರು ಗೆಜೆಟಿಯರಿನಲ್ಲಿ, ಎಪಿಗ್ರಾಫಿಯಾ ಕರ್ನಾಟಿಕಾದ ಚಿತ್ರದುರ್ಗ ಸಂಪುಟದಲ್ಲಿ ನಿಮ್ಮ ಊರು, ಹಟ್ಟಿ, ಕಾವಲುಗಳ ಹೆಸರು ಹುಡುಕಿರಿ. ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಾಲದ ಕಡತಗಳಿವೆ. ಒಬ್ಬಿಬ್ಬರು ಹೋಗಿ ಬಂದರೆ ಹತ್ತು ಹಳ್ಳಿಗೆ ಉಪಯೋಗವಾದೀತು. ಎಲ್ಲಕ್ಕಿಂತ ಮೊದಲು ಊರಿನ ಹಿರಿಯರ ಬಳಿ ಕುಳಿತುಕೊಳ್ಳಿರಿ. ಅವರ ಅಪ್ಪ, ಅಜ್ಜಂದಿರು ದನ ಬಿಡುತ್ತಿದ್ದ ಗುಡ್ಡ ಯಾವುದು, ಮಳೆ ಹೋದ ವರ್ಷ ಯಾವ ಸೆಲೆಯ ನೀರು ಉಳಿದಿತ್ತು, ಅರಣ್ಯದ ಗಡಿಕಲ್ಲು ನೆಟ್ಟದ್ದನ್ನು ಯಾರು ಕಂಡಿದ್ದರು, ಎಷ್ಟು ಶುಲ್ಕ ಕೊಟ್ಟರು ಎಂದು ಕೇಳಿರಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡರೂ ಸಾಲದು; ಬರೆದು, ಓದಿ ಹೇಳಿ, ದಿನಾಂಕ ಹಾಕಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು ಗ್ರಾಮಸಭೆಯ ಕಡತಕ್ಕೆ ಸೇರಿಸಿರಿ.

ತಡಮಾಡುವಂತಿಲ್ಲ. 1930ರಲ್ಲಿ ಹತ್ತು ವರ್ಷದ ದನಗಾಹಿ ಹುಡುಗರಾಗಿದ್ದವರು ಇಂದು ಇದ್ದರೆ ನೂರು ದಾಟಿರಬೇಕು. ಅವರ ಬಾಯಿಂದ ನೇರವಾಗಿ ಕೇಳಿದವರೇ ಈಗ ಎಪ್ಪತ್ತು, ಎಂಬತ್ತರ ಅಂಚಿನಲ್ಲಿದ್ದಾರೆ. ಇನ್ನು ಹತ್ತು ವರ್ಷ ಕಳೆದರೆ, ಕಾನೂನು ಒಪ್ಪುವ ಸಾಕ್ಷಿ ಎಷ್ಟೋ ಹಟ್ಟಿಗಳಲ್ಲಿ ಒಬ್ಬರೂ ಇರಲಾರರು. ಈ ಬೇಸಿಗೆ ರಜೆಯಲ್ಲಿ ಪ್ರತಿ ಊರಿನ ಇಬ್ಬರು ವಿದ್ಯಾರ್ಥಿಗಳು ಒಂದು ನೋಟುಪುಸ್ತಕ ಹಿಡಿದು ತಮ್ಮ ಬೀದಿಯ ಅತ್ಯಂತ ಹಿರಿಯರ ಮನೆಗೆ ಹೋಗಲಿ. ಬರೆದದ್ದರ ಒಂದು ಪ್ರತಿ ಗ್ರಾಮಸಭೆಗೆ, ಒಂದು ಪ್ರತಿ ಶಾಲೆಗೆ ಸಲ್ಲಲಿ.